ಮಿಶನ್ ಮನೆಯ ಮನೆವಾರ್ತೆ

ಬಂಟ್ವಾಳದ ಪೇಟೆಯಿಂದ ಹೊಳೆಯ ಬದಿಗೆ ಇಳಿಯುವ ಓಣಿಯಲ್ಲಿರುವ ನಮ್ಮ ಹಿರಿಯರ ಮನೆಯ ಮಾಡನ್ನು ಕೆಲವು ವರ್ಷಗಳ ಹಿಂದೆ ಬಿಚ್ಚಿಸಬೇಕಾಗಿ ಬಂದಾಗ, ಹೆಂಚುಗಳನ್ನು ಒಂದೊಂದಾಗಿ ಇಳಿಸಿ ಅಂಗಳದಲ್ಲಿ ಒಟ್ಟುತ್ತಿದ್ದ ಆಳೊಬ್ಬನು ಒಂದು ಹೆಂಚನ್ನು ಬೋರಲಾಗಿ ಹಿಡಿದು, ಅದರ ಮೈಗೆ ಹತ್ತಿದ್ದ ಪಾಚಿಯನ್ನು ಹೆಬ್ಬೆರಳಿನಿಂದ ಒರಸಿ, ‘ಇದು ಮಿಶನ್ನಿನದು, ಒಡೆಯುವುದಿಲ್ಲ’ ಎಂದು ನನ್ನ ಕೈಗಿತ್ತನು. ಹೆಂಚಿನ ಒಳಮೈಯಲ್ಲಿ ಬಾಸೆಲ್ ಮಿಶನ್ ಕಾರ್ಖಾನೆಯ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಅಚ್ಚೊತ್ತಿ ನಿಂತಿತ್ತು. ಅದರ ಪಕ್ಕದಲ್ಲಿ, ಮಣ್ಣು ಹಸಿಯಾಗಿದ್ದಾಗ ಅದನ್ನೆತ್ತಿದ ಯಾರದೋ ನಾಲ್ಕು ಬೆರಳುಗಳ ಗುರುತು ಅಷ್ಟೇ ಸ್ಪಷ್ಟವಾಗಿ ಉಳಿದಿತ್ತು. ಕಾರ್ಖಾನೆಯ ಹೆಸರನ್ನು ಓದುವುದಕ್ಕೆ ನನಗೆ ಕ್ಷಣ ಸಾಕಾಯಿತು. ಬೆರಳುಗಳ ಒಡೆಯನಾರೆಂಬುದನ್ನು ಓದುವ ವಿದ್ಯೆ ನನಗೆ ಇಂದಿಗೂ ಸಿದ್ಧಿಸಿಲ್ಲ.

ಬಾಸೆಲ್ ಮಿಶನ್ನಿನ ವಿಷಯವಾಗಿ ಕನ್ನಡದಲ್ಲಿ ಬರೆದವರು ಕಡಮೆಯಲ್ಲ. 1843ರ ಜುಲೈ ತಿಂಗಳಲ್ಲಿ ಹರ್ಮನ್ ಮೋಗ್ಲಿಂಗನು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದನ್ನೂ, ಫರ್ಡಿನೆಂಡ್ ಕಿಟ್ಟೆಲನು ಸುಮಾರು 70,000 ಶಬ್ದಗಳ ಕೋಶವನ್ನು 1894ರಲ್ಲಿ ನಮ್ಮ ಕೈಗಿತ್ತುದನ್ನೂ, ಮ್ಯಾನರನ ತುಳು ನಿಘಂಟನ್ನೂ ಬ್ರಿಗೆಲನ ತುಳು ವ್ಯಾಕರಣವನ್ನೂ, ಜಪ್ಪಿನ ಹೆಂಚಿನ ಕಾರ್ಖಾನೆಯನ್ನೂ ವರ್ಣಿಸುವ ಲೇಖನಗಳು ಬೇಕಾದಷ್ಟಿವೆ. ಆದರೆ ಈ ಮಹನೀಯರು ಬೆಳಗ್ಗೆ ಎದ್ದು ಏನನ್ನು ಉಂಡರು, ಅದನ್ನು ಬೇಯಿಸಿದವರು ಯಾರು, ಜ್ವರದಲ್ಲಿ ಮಲಗಿದಾಗ ತಲೆದೆಸೆಯಲ್ಲಿ ಕುಳಿತವರು ಯಾರು, ಅವರ ಮಕ್ಕಳು ಯಾವ ಭಾಷೆಯಲ್ಲಿ ಅತ್ತರು, ಆ ಮಕ್ಕಳು ಎಲ್ಲಿಗೆ ಹೋದರು ಎಂಬ ಪ್ರಶ್ನೆಗಳನ್ನು ಕೇಳಿದವರು ವಿರಳ. ಮಿಶನ್ನೆಂಬ ಸಂಸ್ಥೆಯ ಚರಿತ್ರೆ ನಮಗೆ ದೊರೆತಿದೆ. ಮಿಶನ್ ಮನೆಯ ಮನೆವಾರ್ತೆ ದೊರೆತಿಲ್ಲ. ಗ್ರಂಥ, ಪತ್ರಿಕೆ, ಹೆಂಚು ಇವುಗಳೆಲ್ಲದರ ಭಾರವನ್ನು ತಳದಲ್ಲಿ ಹೊತ್ತದ್ದು ಆ ಮನೆ. ಆ ಮನೆಯಲ್ಲಿಯೂ ಹೆಚ್ಚಿನ ಪಾಲನ್ನು ಹೊತ್ತವರು ಹೆಂಗಸರು, ಮಕ್ಕಳು ಮತ್ತು ನಮ್ಮೂರಿನ ಆಳುಕಾಳುಗಳು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರೂ ಊರುಗಳು ಮಿಶನ್ನಿನ ಮುಖ್ಯ ಠಾಣೆಗಳಾಗಿರಲಿಲ್ಲವೆಂಬುದನ್ನು ಮೊದಲೇ ಹೇಳಬೇಕು. ಮಂಗಳೂರಿನಲ್ಲಿ 1834, ಮುಲ್ಕಿಯಲ್ಲಿ 1845, ಉಡುಪಿಯಲ್ಲಿ 1854, ಕಾರ್ಕಳದಲ್ಲಿ 1872, ಹೀಗೆ ಅವರ ಬಂಗಲೆಗಳು ಬಹುಮಟ್ಟಿಗೆ ಕಡಲಿನ ಅಂಚನ್ನು ಹಿಡಿದೇ ಎದ್ದವು. ಮೂಡುಬಿದಿರೆಯದು ಹದಿನೆಂಟು ಬಸದಿಗಳ ಊರು. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯೂ, ತಾಳೆಗರಿಯ ಭಂಡಾರವನ್ನು ಕಾಪಾಡಿಕೊಂಡು ಬಂದ ಜೈನ ಮಠವೂ ಇರುವ ಆ ಊರಿನಲ್ಲಿ ಹೊಸ ಧರ್ಮದ ಉಪದೇಶಕನಿಗೆ ಸುಲಭವಾದ ಆಸನ ದೊರೆಯುವಂತಿರಲಿಲ್ಲ. ಬೆಳ್ತಂಗಡಿ ಚಾರ್ಮಾಡಿ ಘಟ್ಟದ ಪಾದದಲ್ಲಿ ಕಾಡಿನ ಮಗ್ಗುಲಲ್ಲಿತ್ತು. ಬಂಟ್ವಾಳವಂತೂ ಘಟ್ಟದಿಂದಿಳಿದ ಸರಕು ದೋಣಿಗೇರುವ ವ್ಯಾಪಾರದ ಕಟ್ಟೆ. ಈ ಊರುಗಳಿಗೆ ಮಿಶನ್ನು ಬಂದದ್ದು ಸಂಚಾರಿ ಉಪದೇಶಕನಾಗಿ, ಪುಸ್ತಕದ ಪೆಟ್ಟಿಗೆಯಾಗಿ, ಶಾಲೆಯ ಪಾಠವಾಗಿ, ಕೊನೆಗೆ ದೋಣಿಯಲ್ಲಿ ಹೊಳೆಯನ್ನೇರಿ ಬಂದ ಹೆಂಚಾಗಿ. ಬೆಳ್ತಂಗಡಿಯ ಮೇಲಣ ಬೆಟ್ಟಗಳಲ್ಲಿ ಹುಟ್ಟಿದ ನೇತ್ರಾವತಿಯು ತನ್ನೊಡನೆ ತಂದ ಜೇಡಿಯನ್ನು ಮಂಗಳೂರಿನ ಬಳಿ ಇಳಿಸಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟನು ಜಪ್ಪಿನಲ್ಲಿ ಆರಂಭಿಸಿದ ಕಾರ್ಖಾನೆಯು ಅದನ್ನು ಸುಟ್ಟು ಮತ್ತೆ ಅದೇ ಹೊಳೆಯ ಮಾರ್ಗವಾಗಿ ನಮ್ಮ ಮಾಡುಗಳಿಗೆ ಕಳುಹಿಸಿತು. ಹೀಗೆ ನಮ್ಮದೇ ಮಣ್ಣು ಅನ್ಯರ ಹೆಸರನ್ನು ಹೊತ್ತು ನಮ್ಮ ತಲೆಯ ಮೇಲೆ ಬಂದು ಕುಳಿತಿತೆಂದು ದುಃಖಿಸುವವರೂ ಇದ್ದಾರೆ. ನಾನು ಹಾಗೆ ದುಃಖಿಸಲಾರೆ, ಏಕೆಂದರೆ ಪ್ರತಿ ವರ್ಷವೂ ಮುಳಿಹುಲ್ಲು ಹೊದೆಸಿ ಆಟಿಯ ಮಳೆಗೆ ನಡುಗುತ್ತಿದ್ದ ಮನೆಗಳ ಸ್ಥಿತಿಯನ್ನು ಹಿರಿಯರಿಂದ ಕೇಳಿ ಬಲ್ಲೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಈ ಸಂಘವು ಎರಡು ದೂರದೇಶಗಳಲ್ಲಿ ಹೆಚ್ಚಾಗಿ ನೆಲೆಯೂರಿತು. ಮೊದಲನೆಯದು ಆಫ್ರಿಕದ ಪಶ್ಚಿಮ ತೀರದಲ್ಲಿ ಆಗ ಗೋಲ್ಡ್ ಕೋಸ್ಟ್ ಎನಿಸಿಕೊಂಡಿದ್ದ ಇಂದಿನ ಘಾನಾ. ಎರಡನೆಯದು ನಮ್ಮ ಕರಾವಳಿ. 1828ರಲ್ಲಿ ನಾಲ್ವರು ತರುಣರು ಗೋಲ್ಡ್ ಕೋಸ್ಟಿಗೆ ಹೋಗಿ ಇಳಿದರು. ಮೂರು ವರ್ಷ ತುಂಬುವುದರೊಳಗೆ ನಾಲ್ವರೂ ಮಣ್ಣಾದರು. ಅನಂತರ 1832ರಲ್ಲಿ ಹೋದ ಮೂವರಲ್ಲಿ ಆಂಡ್ರಿಯಾಸ್ ರೀಸನೊಬ್ಬನೇ ಬದುಕುಳಿದನು. ಸಾಮುವೆಲ್ ಹೆಬಿಕ್, ಲೆನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರದಲ್ಲಿ ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು ಆ ತಿಂಗಳ ಕೊನೆಗೆ ಮಂಗಳೂರನ್ನು ಸೇರಿದಾಗ, ಆಫ್ರಿಕದ ಆ ಗೋರಿಗಳ ಸುದ್ದಿ ಅವರ ಕಿವಿಯಲ್ಲಿ ಇನ್ನೂ ಹಸಿಯಾಗಿಯೇ ಇದ್ದಿರಬೇಕು. ಎರಡೂ ಕಡೆ ಒಂದೇ ಸಮಿತಿ, ಒಂದೇ ಕಟ್ಟಳೆ, ಒಂದೇ ಬಗೆಯ ಪ್ರಾರ್ಥನೆಯ ಪುಸ್ತಕ, ಒಂದೇ ಬಗೆಯ ಮನೆ. ಆದುದರಿಂದ ನೇತ್ರಾವತಿಯ ದಡದ ಮಿಶನ್ ಮನೆಯನ್ನು ಅರಿಯಬೇಕಾದರೆ ಘಾನಾದ ಅಕ್ರೊಪಾಂಗಿನ ಮನೆಯನ್ನೂ, ಅದನ್ನು ಅರಿಯಬೇಕಾದರೆ ಇದನ್ನೂ ನೋಡಬೇಕಾಗುತ್ತದೆ.

ಈ ಉಪದೇಶಕರು ದೊರೆಗಳಲ್ಲ. ಊರವರು ಬಿಳಿಯ ಮೈಯವರನ್ನೆಲ್ಲ ದೊರೆಯೆಂದೇ ಕರೆಯುತ್ತಿದ್ದರೂ, ಇವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದ ಹಳ್ಳಿಗಳಿಂದ ಬಂದ ರೈತರ, ಕುಶಲಕರ್ಮಿಗಳ, ಬಡ ಉಪಾಧ್ಯಾಯರ ಮಕ್ಕಳು. ಅವರಿಗೆ ದೊರೆಯುತ್ತಿದ್ದುದು ಸಂಬಳವಲ್ಲ, ಜೀವನನಿರ್ವಹಣೆಯ ಭತ್ಯ. ಅವರ ನಿತ್ಯಜೀವನದ ಎಲ್ಲ ಸೂತ್ರಗಳೂ ಬಾಸೆಲಿನ ಸಮಿತಿಯ ಕೈಯಲ್ಲಿದ್ದವು. ಅವುಗಳಲ್ಲಿ ಅತ್ಯಂತ ಬಿಗಿಯಾದದ್ದು ವಿವಾಹದ ಸೂತ್ರ. ಉಪದೇಶಕನು ಬ್ರಹ್ಮಚಾರಿಯಾಗಿಯೇ ಹೊರಡಬೇಕು. ಕನಿಷ್ಠ ಎರಡು ವರ್ಷ ಕೆಲಸದಲ್ಲಿ ನಿಂತು ತೋರಿಸಬೇಕು. ಅನಂತರ ವಿವಾಹಕ್ಕೆ ಅನುಮತಿಯನ್ನು ಬೇಡಿ ಅರ್ಜಿ ಬರೆಯಬೇಕು. ಅರ್ಜಿ ಸಮುದ್ರ ದಾಟಿ ಹೋಗಿ, ಸಭೆಯಲ್ಲಿ ವಿಚಾರಣೆಯಾಗಿ, ಯೋಗ್ಯಳಾದ ಕನ್ಯೆಯನ್ನು ಹುಡುಕಿ, ಆಕೆಯ ತಂದೆತಾಯಿಗಳ ಒಪ್ಪಿಗೆಯನ್ನು ಪಡೆದು, ಆಕೆಯನ್ನು ಹಡಗು ಹತ್ತಿಸುವುದಕ್ಕೆ ವರ್ಷವೇ ಹಿಡಿದರೂ ಆಶ್ಚರ್ಯವಿಲ್ಲ. ಎಷ್ಟೋ ಮಂದಿ ವಧುಗಳು ತಾವು ಕೈಹಿಡಿಯಲಿರುವ ಪುರುಷನ ಮುಖವನ್ನು ಮೊದಲ ಬಾರಿಗೆ ಕಂಡದ್ದು ಬಂದರದ ಕಟ್ಟೆಯಲ್ಲಿ, ವಿವಾಹವಾದದ್ದು ಕೆಲವೇ ದಿನಗಳ ಅನಂತರ. ಗುರುಹಿರಿಯರು ಗೊತ್ತುಮಾಡಿದ ವಿವಾಹವೆಂಬುದು ನಮ್ಮವರಿಗೆ ಹೊಸತಲ್ಲ. ಆದರೆ ನಮ್ಮ ಹೆಣ್ಣುಮಕ್ಕಳು ಹೋದದ್ದು ಹೊಳೆಯಾಚೆಯ ಊರಿಗೆ, ಪತ್ತನಾಜೆಗೋ ಅಷ್ಟಮಿಗೋ ತವರಿಗೆ ಮರಳುವ ಆಸೆಯೊಡನೆ. ಈ ಕನ್ಯೆಯರು ಬಂದದ್ದು, ಸುಯೆಜ್ ಕಾಲುವೆ ತೆರೆಯುವುದಕ್ಕೆ ಮೊದಲಿನ ಕಾಲದಲ್ಲಿ, ಹಲವೊಮ್ಮೆ ಆಫ್ರಿಕವನ್ನೇ ಸುತ್ತಿ, ತಿಂಗಳುಗಟ್ಟಲೆ ತೇಲಿ. ಮರಳುವುದೆಂದರೆ ಹಲವರಿಗೆ ಗೋರಿಯ ಅನಂತರದ ಮಾತು. ಹೆಬಿಕನಂತೆ ಕೊನೆಯವರೆಗೂ ಒಂಟಿಯಾಗಿಯೇ ಉಳಿದವರು ಬೆರಳೆಣಿಕೆಯವರು. ಈ ವಿಷಯದಲ್ಲಿ ನಮ್ಮ ಜಿಲ್ಲೆಯ ಕಥೋಲಿಕ ಗುರುಗಳಿಗೂ ಇವರಿಗೂ ಇದ್ದ ಅಂತರ ದೊಡ್ಡದು. ಬಂಟ್ವಾಳದ ಬಳಿಯ ಅಗ್ರಾರಿನಂಥ ಹಳೆಯ ಇಗರ್ಜಿಗಳ ಗುರುವಿಗೆ ಸಂಸಾರವಿರಲಿಲ್ಲ. ಬಾಸೆಲಿನ ಪಾದ್ರಿಗೆ ಸಂಸಾರವೇ ಉಪದೇಶದ ಒಂದು ಸಾಧನವಾಗಿತ್ತು. ಕ್ರೈಸ್ತ ಗೃಹಸ್ಥನ ಮನೆ ಹೇಗಿರಬೇಕೆಂಬುದನ್ನು ಊರವರು ಬೇಲಿಯಾಚೆಯಿಂದ ನೋಡಿ ಕಲಿಯಲಿ ಎಂಬುದು ಸಮಿತಿಯ ಆಶಯ. ಎಂದರೆ, ಆ ಮನೆಯ ಹೆಣ್ಣು ದಿನದ ಯಾವ ಹೊತ್ತಿನಲ್ಲಿಯೂ ಪರದೃಷ್ಟಿಯಿಂದ ಮರೆಯಾಗುವಂತಿರಲಿಲ್ಲ.

ಆ ಮನೆಯ ರೂಪವನ್ನು ಊಹಿಸುವುದು ನಮಗೆ ಕಷ್ಟವಲ್ಲ. ಮಂಗಳೂರಿನ ಬಲ್ಮಠದ ಗುಡ್ಡದ ಮೇಲೆ ಅಂಥ ಕಟ್ಟಡಗಳ ಲಕ್ಷಣ ಇನ್ನೂ ಉಳಿದಿದೆ. ಎತ್ತರದ ಅಡಿಪಾಯ, ಸುತ್ತಲೂ ಅಗಲವಾದ ಜಗಲಿ, ಗಾಳಿ ಹಾಯುವ ದೊಡ್ಡ ಕಿಟಕಿ, ಮನೆಯಿಂದ ತುಸು ದೂರದಲ್ಲಿ ಅಡುಗೆಯ ಕೊಟ್ಟಿಗೆ, ಅಂಗಳದಲ್ಲಿ ಬಾವಿ. ಅಕ್ರೊಪಾಂಗಿನಲ್ಲಿಯೂ ಕಡಲತೀರದ ಜ್ವರಕ್ಕೆ ಹೆದರಿ ಗುಡ್ಡವನ್ನೇರಿಯೇ ಮನೆ ಕಟ್ಟಿದರು. ಸೊಳ್ಳೆಗೂ ಜ್ವರಕ್ಕೂ ಇರುವ ನಂಟು ಹೊರಬಿದ್ದದ್ದು 1897ರಲ್ಲಿ. ಅದಕ್ಕೆ ಮೊದಲು ಕೆಟ್ಟ ಗಾಳಿಯೇ ಜ್ವರಕ್ಕೆ ಕಾರಣವೆಂದು ನಂಬಿ, ಎತ್ತರದ ಸ್ಥಳವನ್ನೂ ಕ್ವಿನೈನ್ ಪುಡಿಯನ್ನೂ ದೈವೇಚ್ಛೆಯನ್ನೂ ನೆಚ್ಚಿಕೊಂಡು ಬದುಕಿದವರು ಅವರು.

ದಿನವು ಪ್ರಾರ್ಥನೆಯಿಂದ ಮೊದಲಾಗುತ್ತಿತ್ತು. ಮನೆಯವರು, ಆಳುಗಳು, ಆಶ್ರಯದಲ್ಲಿದ್ದ ಮಕ್ಕಳು ಎಲ್ಲರೂ ಜಗಲಿಯಲ್ಲಿ ಕೂಡಿ ಹಾಡಿ, ವೇದಪಾಠವನ್ನು ಕೇಳಿ ಚದುರಿದ ಮೇಲೆ, ಗಂಡಸು ಮುನ್ಶಿಯೊಡನೆ ಭಾಷೆ ಕಲಿಯಲು ಕೂರುತ್ತಿದ್ದನು. ತುಳುನಾಡಿಗೆ ಬಂದವನಿಗೆ ಒಂದು ಭಾಷೆ ಸಾಲದು: ಕಚೇರಿಗೂ ಗ್ರಂಥಕ್ಕೂ ಕನ್ನಡ, ಗದ್ದೆಯ ಬದುವಿಗೂ ಮನೆಯ ಹಿತ್ತಿಲಿಗೂ ತುಳು, ಪೇಟೆಯ ಅಂಗಡಿಗೆ ಕೊಂಕಣಿ. ತುಳುವಿನಲ್ಲಿ ಹೊಸ ಒಡಂಬಡಿಕೆಯು 1847ರಲ್ಲಿಯೇ ಸಿದ್ಧವಾಯಿತೆಂದರೆ, ಗ್ರೈನರ್ ಮತ್ತು ಅಮ್ಮನ್ ಎಂಬಿಬ್ಬರು ಎಷ್ಟು ಮನೆಗಳ ಅಂಗಳದಲ್ಲಿ ಕುಳಿತು ಕಿವಿಗೊಟ್ಟಿರಬೇಕೆಂಬುದನ್ನು ಓದುಗರು ಊಹಿಸಬಹುದು. ಅವರಿಗೆ ಮಾತು ಕಲಿಸಿದ ತುಳುವರ ಹೆಸರುಗಳು ಮುಖಪುಟದಲ್ಲಿಲ್ಲ. ಹಾಗೆಯೇ ಅಕ್ರೊಪಾಂಗಿನಲ್ಲಿ ಯೋಹಾನ್ ಕ್ರಿಸ್ಟಾಲರನು ಟ್ವಿ ಭಾಷೆಯ ಮಹಾಕೋಶವನ್ನು ಸಂಪಾದಿಸಿ 1881ರಲ್ಲಿ ಪ್ರಕಟಿಸಿದನು. ಕಿಟ್ಟೆಲನ ಕೋಶಕ್ಕೆ ಅದು ಹಿರಿಯ ಸೋದರನೆನ್ನಬಹುದು.

ಗಂಡಸು ಪುಸ್ತಕದೊಡನೆ ಕುಳಿತಾಗ ಹೆಂಗಸು ಮಾಡುತ್ತಿದ್ದುದೇನು? ಬಾಣಸಿಗನಿಗೆ ಅಕ್ಕಿ ಬೇಳೆ ಅಳೆದುಕೊಡುವುದು, ಆಶ್ರಯದ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವುದು, ಹುಳು ಬಿದ್ದ ಗೋಧಿಹಿಟ್ಟನ್ನು ಜರಡಿ ಹಿಡಿಯುವುದು, ಬಾಗಿಲಿಗೆ ಬಂದ ಗಾಯಾಳುವಿನ ಹುಣ್ಣು ತೊಳೆದು ಬಟ್ಟೆ ಕಟ್ಟುವುದು, ತನ್ನ ಬಸುರು ಬಾಣಂತನಗಳನ್ನು ಇವುಗಳ ನಡುವೆಯೇ ಮುಗಿಸಿಕೊಳ್ಳುವುದು. ನಮ್ಮ ಮಳೆಗಾಲವನ್ನು ಅರಿತವರಿಗೆ ಈ ದಿನಚರಿಯ ಕಷ್ಟ ಕಣ್ಣಿಗೆ ಕಟ್ಟುತ್ತದೆ. ಕಾರ್ತೆಲಿನಿಂದ ಸೋಣದವರೆಗೆ ಬಿಸಿಲಿನ ಮುಖವಿಲ್ಲ. ಪೆಟ್ಟಿಗೆಯೊಳಗಿನ ಉಣ್ಣೆಯ ಬಟ್ಟೆಗೆ ಬೂಸಲು, ಪುಸ್ತಕದ ರಟ್ಟಿಗೆ ಗೆದ್ದಲು, ಒಗೆದ ತೊಟ್ಟಿಲ ಬಟ್ಟೆಯನ್ನು ಒಲೆಯ ಮೇಲಣ ಅಟ್ಟದಲ್ಲಿಯೇ ಒಣಗಿಸಬೇಕು. ಆ ತಿಂಗಳುಗಳಲ್ಲಿ ಕಡಲಿನ ಹಡಗೂ ನಿಲ್ಲುತ್ತಿತ್ತು, ಒಳನಾಡಿನ ಸಂಚಾರವೂ ನಿಲ್ಲುತ್ತಿತ್ತು. ಮಳೆ ಬಿಟ್ಟೊಡನೆ ಗಂಡನು ಬಂಟ್ವಾಳ, ಬೆಳ್ತಂಗಡಿಗಳತ್ತ ಜಾತ್ರೆಗಳನ್ನು ಅರಸಿ, ಕಡವು ಕಡವುಗಳಲ್ಲಿ ದೋಣಿ ದಾಟಿ, ವಾರಗಟ್ಟಲೆ ಸಂಚಾರಕ್ಕೆ ಹೊರಡುತ್ತಿದ್ದನು. ಅವನ ವರದಿಯಲ್ಲಿ ಆ ವಾರಗಳು ಎಷ್ಟು ಗ್ರಾಮಗಳು, ಎಷ್ಟು ಶ್ರೋತೃಗಳು ಎಂಬ ಲೆಕ್ಕವಾಗಿ ಬಾಸೆಲಿಗೆ ಹೋಗುತ್ತಿದ್ದವು. ಮನೆಯಲ್ಲುಳಿದವಳ ಅದೇ ವಾರಗಳಿಗೆ ವರದಿಯಿಲ್ಲ.

ಆದರೂ ಕೆಲವರ ಹೆಸರು ಅಳಿಯದೆ ಉಳಿದಿದೆ. ಫ್ರೆಂಚ್ ಮಾತಿನ ಸ್ವಿಸ್ ಮನೆತನದ ಯೂಲಿ ದ್ಯುಬ್ವಾ ಎಂಬಾಕೆ ಹರ್ಮನ್ ಗುಂಡರ್ಟನನ್ನು 1838ರಲ್ಲಿ ವಿವಾಹವಾದಳು. ಆ ದಂಪತಿಗಳು ಮಂಗಳೂರಿಗೆ ಬಂದು, ಮರುವರ್ಷ ತಲಚೇರಿಗೆ ಹೋಗಿ ನೆಲೆಸಿದರು. ಗುಂಡರ್ಟನು ಮಲಯಾಳ ನಿಘಂಟಿನಿಂದ ಅಜರಾಮರನಾದನು. ಯೂಲಿಯು ಹೆಣ್ಣುಮಕ್ಕಳ ಶಾಲೆಯನ್ನು ನಡೆಸಿ, ಮಕ್ಕಳನ್ನು ಹೆತ್ತು, ಇಪ್ಪತ್ತು ವರ್ಷಗಳನ್ನು ಮೀರಿ ಮಲಬಾರಿನಲ್ಲಿ ಸವೆದಳು. ಅಕ್ರೊಪಾಂಗಿನಲ್ಲಿ ರೋಸಿನಾ ವಿಡ್ಮನ್ ಎಂಬಾಕೆ 1847ರಲ್ಲಿ ವಧುವಾಗಿ ಬಂದಿಳಿದು, ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದು, ಸುಮಾರು ಮೂವತ್ತು ವರ್ಷ ಅಲ್ಲಿಯೇ ಕಳೆದಳು. ಆಕೆ ಬರೆದಿಟ್ಟ ದಿನಚರಿಯಿಂದಲೇ ಆ ಮನೆಗಳ ಒಳಗಿನ ಬೆಳಕು ನಮಗೆ ಅಷ್ಟಿಷ್ಟು ಕಾಣುತ್ತಿರುವುದು. ಇತ್ತ ಮೂಡುಬಿದಿರೆಯಿಂದ ಪಶ್ಚಿಮಕ್ಕೆ ಒಂದು ದಿನದ ನಡಿಗೆಯಷ್ಟು ದೂರದ ಮುಲ್ಕಿಯಲ್ಲಿ ಅನಾಥ ಹೆಣ್ಣುಮಕ್ಕಳ ಆಶ್ರಮ ಬೆಳೆಯಿತು. ಅಲ್ಲಿ ಅಕ್ಷರ, ಹೊಲಿಗೆ, ಅಡುಗೆ ಕಲಿತ ತುಳುವ ಹುಡುಗಿಯರಲ್ಲಿ ಎಷ್ಟೋ ಮಂದಿ ಮುಂದೆ ಉಪಾಧ್ಯಾಯಿನಿಯರೂ ಉಪದೇಶಕರ ಪತ್ನಿಯರೂ ಆದರು.

ಮರಣವು ಆ ಮನೆಗಳಿಗೆ ಅತಿಥಿಯಂತೆ ಬರುತ್ತಿರಲಿಲ್ಲ, ಬಿಡಾರದವನಂತೆ ಬಂದು ನೆಲೆಸುತ್ತಿತ್ತು. ಕಿಟ್ಟೆಲನು ಪೌಲಿನ್ ಐಟ್ ಎಂಬಾಕೆಯನ್ನು ವಿವಾಹವಾದನು. ಕೆಲವೇ ವರ್ಷಗಳಲ್ಲಿ ಆಕೆ ತೀರಿಕೊಂಡಳು. ಅನಂತರ ಆಕೆಯ ತಂಗಿಯೇ ಅವನ ಎರಡನೆಯ ಪತ್ನಿಯಾಗಿ ಬಂದಳು. ಮೋಗ್ಲಿಂಗನ ಬಂಧುವೂ ಸಹೋದ್ಯೋಗಿಯೂ ಆದ ವೈಗ್ಲೆಯು 1855ರಲ್ಲಿ ಕಾಲವಾದಾಗ, ಅವನ ವಿಧವೆಯನ್ನೂ ಮಕ್ಕಳನ್ನೂ ಕೈಹಿಡಿದವನು ಮೋಗ್ಲಿಂಗನೇ. ಒಡೆದುಹೋದ ಸಂಸಾರಗಳ ತುಂಡುಗಳನ್ನು ಕೂಡಿಸಿ ಮತ್ತೆ ಸಂಸಾರ ಕಟ್ಟುವ ಈ ರೀತಿ ಅಲ್ಲಿ ನಿತ್ಯದ ಮಾತಾಗಿತ್ತು. ಆಫ್ರಿಕದಲ್ಲಿ ಇದಕ್ಕಿಂತಲೂ ಘೋರವಾದದ್ದು ನಡೆಯಿತು. 1869ರಲ್ಲಿ ಫ್ರಿಟ್ಜ್ ಮತ್ತು ರೋಸ್ ರಾಮ್‌ಸೇಯರ್ ದಂಪತಿಗಳನ್ನು ಅಶಾಂತಿ ಎಂಬ ರಾಜ್ಯದ ಸೇನೆ ಸೆರೆಹಿಡಿದು ಒಳನಾಡಿಗೆ ನಡೆಸಿಕೊಂಡು ಹೋಯಿತು; ಅವರ ಹಸುಗೂಸು ದಾರಿಯಲ್ಲಿಯೇ ಸತ್ತಿತು; ನಾಲ್ಕು ವರ್ಷಗಳನ್ನು ಮೀರಿದ ಸೆರೆವಾಸದಲ್ಲಿಯೇ ಇನ್ನೊಂದು ಹೆಣ್ಣುಮಗು ಹುಟ್ಟಿತು. ನಮ್ಮಲ್ಲಿ ಅಂಥ ಸೆರೆ ಯಾರಿಗೂ ಬರಲಿಲ್ಲ. 1837ರ ಏಪ್ರಿಲಿನಲ್ಲಿ ಕಂಪನಿ ಸರ್ಕಾರದ ವಿರುದ್ಧ ಬಂಡೆದ್ದ ಕಲ್ಯಾಣಪ್ಪನ ಕಾಟಕಾಯಿಯ ಜನ ಬೆಳ್ಳಾರೆ, ಪುತ್ತೂರು, ಪಾಣೆಮಂಗಳೂರು, ಬಂಟ್ವಾಳಗಳ ಮಾರ್ಗವಾಗಿ ಮಂಗಳೂರನ್ನು ಹೊಕ್ಕು ಹದಿಮೂರು ದಿನ ಅದನ್ನು ಹಿಡಿದುಕೊಂಡಿದ್ದಾಗ ಮಿಶನ್ನು ಇನ್ನೂ ಮೂರು ವರ್ಷದ ಕೂಸು. ಆ ಸಂಕಟವು ಹೇಗೋ ಕಳೆಯಿತು.

ಇಷ್ಟೆಲ್ಲವನ್ನೂ ಸಹಿಸಬಹುದು, ನನಗೆ ಸಹಿಸಲಾಗದ ಒಂದು ಸಂಗತಿ ಆ ಚರಿತ್ರೆಯಲ್ಲಿದೆ. ಅದು ಮಕ್ಕಳ ವಿಷಯ. ಉಷ್ಣದೇಶದ ಹವೆಯಲ್ಲಿ, ‘ಅನ್ಯಧರ್ಮೀಯ’ ಆಳುಗಳ ನಡುವೆ ಬೆಳೆದರೆ ಮಕ್ಕಳ ದೇಹವೂ ಶೀಲವೂ ಕೆಡುವುದೆಂದು ಬಗೆದು, ಆರೇಳು ವರ್ಷವಾಗುತ್ತಲೇ ಅವರನ್ನು ಯುರೋಪಿಗೆ ಕಳುಹಿಸಬೇಕೆಂದು ಸಮಿತಿ ವಿಧಿಸಿತು. 1853ರಲ್ಲಿ ಅಂಥ ಮಕ್ಕಳಿಗಾಗಿಯೇ ಬಾಸೆಲಿನಲ್ಲಿ ಒಂದು ನಿಲಯವೂ ಏರ್ಪಟ್ಟಿತು. ಮಕ್ಕಳು ಹೋದರು; ತಂದೆತಾಯಿಗಳು ಉಳಿದರು. ಹತ್ತು ಹನ್ನೆರಡು ವರ್ಷ ಒಬ್ಬರ ಮುಖವನ್ನೊಬ್ಬರು ಕಾಣದೆ ಕಾಗದದಲ್ಲಿ ಮಾತ್ರ ತಂದೆ, ತಾಯಿ, ಮಗ, ಮಗಳು ಎಂದು ಕರೆದುಕೊಳ್ಳುವ ಸಂಸಾರಗಳು ಹೀಗೆ ನಿರ್ಮಾಣವಾದವು. ಆಯಾ ಎತ್ತಿ ಆಡಿಸಿದ ಕೂಸು ಮೊದಲು ತೊದಲಿದ್ದು ತುಳುವನ್ನೋ ಮಲಯಾಳವನ್ನೋ ಟ್ವಿಯನ್ನೋ ಆಗಿರುವುದು ಸಹಜ. ಅದೇ ಮಗು ಬಾಸೆಲಿನ ಚಳಿಯಲ್ಲಿ, ಅಪರಿಚಿತರ ನಡುವೆ, ಜರ್ಮನಿನಲ್ಲಿ ಪ್ರಾರ್ಥನೆಯನ್ನು ಒಪ್ಪಿಸಬೇಕಾಯಿತು. ಆ ಮಗುವಿಗೆ ಯಾವುದು ತವರು, ಯಾವುದು ಪರದೇಶ?

ಯೂಲಿ ಮತ್ತು ಗುಂಡರ್ಟರ ಮಗಳು ಮರೀ 1842ರಲ್ಲಿ ತಲಚೇರಿಯಲ್ಲಿ ಹುಟ್ಟಿದವಳು. ನಿಲಯವು ಏರ್ಪಡುವುದಕ್ಕೆ ಮೊದಲೇ, ತೀರ ಎಳೆಯ ವಯಸ್ಸಿನಲ್ಲಿಯೇ ಆಕೆಯನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿಗಳು ಹಿಂದಿರುಗಿದರು. ಹದಿನೈದರ ಹರೆಯದಲ್ಲಿ ಆಕೆ ಮರಳಿ ಬಂದಾಗ, ಹೆತ್ತವರನ್ನು ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಾಯಿತು. ಮುಂದೆ ಚಾರ್ಲ್ಸ್ ಐಸೆನ್‌ಬರ್ಗ್ ಎಂಬ ಉಪದೇಶಕನನ್ನು ವಿವಾಹವಾಗಿ, 1870ರಲ್ಲಿ ವಿಧವೆಯಾಗಿ, 1874ರಲ್ಲಿ ಯೋಹಾನೆಸ್ ಹೆಸ್ಸೆಯನ್ನು ವರಿಸಿದಳು. ಈ ಹೆಸ್ಸೆಯು ಮಂಗಳೂರಿನ ಬಲ್ಮಠದಲ್ಲಿ ಉಪಾಧ್ಯಾಯನಾಗಿದ್ದು ದೇಹಸ್ಥಿತಿ ಕೆಟ್ಟು ಮರಳಿದ್ದವನು. ಅವರ ಮಗನೇ, 1946ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಹರ್ಮನ್ ಹೆಸ್ಸೆ. ಆ ಬಾಲಕನನ್ನೂ ಕೆಲವು ತಿಂಗಳು ಮಿಶನ್ನಿನ ಹುಡುಗರ ನಿಲಯದಲ್ಲಿ ಇರಿಸಿದ್ದರು. ‘ಸಿದ್ಧಾರ್ಥ’ವನ್ನು ಬರೆದ ಲೇಖಕನ ಭಾರತಪ್ರೀತಿಯನ್ನು ಕುರಿತು ನಾವು ಅಭಿಮಾನದಿಂದ ಮಾತಾಡುತ್ತೇವೆ, ಅದರ ಬೇರಿನಲ್ಲಿ ಮೂರು ತಲೆಮಾರಿನ ಅಗಲಿಕೆಯ ನೀರೂ ಇದೆ ಎಂಬುದನ್ನು ಮರೆಯುತ್ತೇವೆ. ಮೋಗ್ಲಿಂಗನನ್ನೂ ಕಿಟ್ಟೆಲನನ್ನೂ ಮನಸಾ ಗೌರವಿಸುವ ನಾನು, ಈ ಕಟ್ಟಳೆಯನ್ನು ಮಾಡಿದವರನ್ನು ಕ್ಷಮಿಸಲಾರೆ. ಪರರ ಮಕ್ಕಳಿಗೆ ಅನಾಥಾಶ್ರಮವನ್ನು ಕಟ್ಟಿದವರು ತಮ್ಮ ಮಕ್ಕಳನ್ನು ತಂದೆತಾಯಿಗಳಿದ್ದೂ ಅನಾಥರನ್ನಾಗಿ ಮಾಡಿದರು.

ಕಟ್ಟಳೆಯನ್ನು ಮೀರಿದ ಮನೆಗಳೂ ಇದ್ದವು. ಆಂಗೋಲದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಗುಲಾಮರ ಹಡಗಿಗೆ ಸಿಕ್ಕಿ, ಜಮೈಕಾದಲ್ಲಿ ಬಿಡುಗಡೆ ಹೊಂದಿ ವಿದ್ಯಾವತಿಯಾದ ಕ್ಯಾಥರೀನ್ ಮಲ್‌ಗ್ರೇವ್ ಎಂಬಾಕೆ, 1843ರಲ್ಲಿ ವೆಸ್ಟ್ ಇಂಡೀಸಿನಿಂದ ರೀಸನು ಕರೆತಂದ ಕ್ರೈಸ್ತ ಕುಟುಂಬಗಳೊಡನೆ ಗೋಲ್ಡ್ ಕೋಸ್ಟಿಗೆ ಬಂದು ಶಾಲೆ ನಡೆಸುತ್ತಿದ್ದಳು. ಯೋಹಾನೆಸ್ ತ್ಸಿಮ್ಮರ್‌ಮನ್ ಎಂಬ ಉಪದೇಶಕನು ಸಮಿತಿಯ ಅಪ್ಪಣೆಗೆ ಕಾಯದೆ 1851ರಲ್ಲಿ ಆಕೆಯನ್ನು ವಿವಾಹವಾದನು. ಸಮಿತಿ ಸಿಟ್ಟಾಯಿತು, ಆದರೆ ಅವನನ್ನು ಬಿಡುವಂತೆಯೂ ಇರಲಿಲ್ಲ. ಗಾ ಭಾಷೆಗೆ 1858ರಲ್ಲಿ ವ್ಯಾಕರಣವನ್ನು ಕೊಟ್ಟವನು ಅವನೇ. ನಮ್ಮಲ್ಲಿ, 1844ರಲ್ಲಿ ಮೋಗ್ಲಿಂಗನಿಂದ ದೀಕ್ಷೆ ಪಡೆದ ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯನು ಬಾಸೆಲಿಗೆ ಹೋಗಿ ಓದಿ, ಉಪದೇಶಕನಾಗಿ ಮರಳಿ, 1860ರಲ್ಲಿ ಮರೀ ರೈನ್‌ಹಾರ್ಟ್ ಎಂಬ ಜರ್ಮನ್ ಕನ್ಯೆಯನ್ನು ಕೈಹಿಡಿದನು. ಆ ಮನೆಯ ಊಟದ ಮೇಜಿನ ಮೇಲೆ ಯಾವ ಯಾವ ಭಾಷೆಗಳು, ಯಾವ ಯಾವ ರುಚಿಗಳು ಒಟ್ಟಿಗೆ ಕುಳಿತಿದ್ದಿರಬೇಕೆಂದು ನಾನು ಎಷ್ಟೋ ಬಾರಿ ಯೋಚಿಸಿದ್ದೇನೆ. ಅವನ ಮೊದಲ ಹೆಂಡತಿ ಲಕ್ಷ್ಮಿಯು ಅವನೊಡನೆ ಹೋಗಲಿಲ್ಲ; ಆಕೆಯ ಮನೆವಾರ್ತೆಯೂ ಈ ಚರಿತ್ರೆಯದೇ ಒಂದು ಪುಟ, ಬರೆಯದೆ ಬಿಟ್ಟ ಪುಟ.

ಈ ಮನೆಗಳ ವಿಷಯದಲ್ಲಿ ನಮ್ಮವರ ಪಾಲೇನೆಂಬುದನ್ನು ವಿಚಾರಿಸದೆ ಸಮೀಕ್ಷೆ ಪೂರ್ಣವಾಗದು. ನೀರು ಸೇದಿದವರು, ಮಂಚಿಲು ಹೊತ್ತವರು, ಮೊಲೆಹಾಲು ಬತ್ತಿದ ತಾಯಿಯ ಕೂಸಿಗೆ ಹಾಲೂಡಿದವರು, ಜ್ವರದ ಮನೆಯಲ್ಲಿ ರಾತ್ರಿ ಎಚ್ಚರಿದ್ದವರು ತುಳುವರು. ಬಿಲ್ಲವರು, ಮೊಗವೀರರು, ಕೆಳಗೆ ತಳ್ಳಲ್ಪಟ್ಟ ಇತರರು. ಪಾದ್ರಿಗಳ ಬರಹದಲ್ಲಿ ಭೂತಾರಾಧನೆಯನ್ನು ಕುರಿತು ತಿರಸ್ಕಾರದ ಮಾತುಗಳು ಹೇರಳವಾಗಿವೆ. ಅದೇ ಭೂತಗಳ ಪಾಡ್ದನಗಳನ್ನು ಮೊದಲು ಬರೆದಿಟ್ಟವರಲ್ಲಿಯೂ ಅವರೇ ಇದ್ದಾರೆಂಬುದು ವಿಚಿತ್ರವಾದರೂ ನಿಜ. ಮತಾಂತರ ಹೊಂದಿದವನಿಗೆ ಗೇಣಿಯ ಗದ್ದೆಯೂ ಕುಲದ ಕಸಬೂ ತಪ್ಪಿಹೋದಾಗ ಅವನ ಹೊಟ್ಟೆಗೆ ದಾರಿ ಮಾಡಲು ನೆಯ್ಗೆಯ ಮಗ್ಗವೂ ಹೆಂಚಿನ ಭಟ್ಟಿಯೂ ಹುಟ್ಟಿದವು. ಅಲ್ಲಿ ಗಂಟೆ ಹೊಡೆದಾಗ ಕೆಲಸ, ಗಂಟೆ ಹೊಡೆದಾಗ ಊಟ, ಗಂಟೆ ಹೊಡೆದಾಗ ಪ್ರಾರ್ಥನೆ. ಮಿಶನ್ ಮನೆಯ ದಿನಚರಿಯು ಹೀಗೆ ಸಾವಿರಾರು ತುಳುವ ಮನೆಗಳ ದಿನಚರಿಯಾಯಿತು. ಇದರಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಅಕ್ಷರ ಬಂದಿತು, ಹೆಣ್ಣುಮಗು ಶಾಲೆಗೆ ಹೋಯಿತು. ಅಜ್ಜಿಯ ಕಥೆಗಳೂ ಕೋಲದ ರಾತ್ರಿಗಳೂ ಬೇಲಿ ಹೊರಗಾದವು. ಲಾಭ ನಷ್ಟಗಳ ತೂಕವನ್ನು ಹೇಳಬೇಕಾದವರು ಆ ಮನೆತನಗಳವರೇ ಹೊರತು ನನ್ನಂತೆ ಹೊರಗೆ ನಿಂತವರಲ್ಲ.

1914ರ ಯುದ್ಧವು ಈ ಗೃಹಗಳನ್ನು ಒಂದೇ ಏಟಿಗೆ ಬರಿದು ಮಾಡಿತು. ಜರ್ಮನ್ ಪ್ರಜೆಗಳಾದ ಉಪದೇಶಕರನ್ನು ಅಹಮದನಗರದ ಶಿಬಿರಕ್ಕೆ ಒಯ್ದರು. ಹೆಂಗಸರು ಮಕ್ಕಳು ‘ಗೋಲ್ಕೊಂಡ’ ಎಂಬ ಹಡಗಿನಲ್ಲಿ ಸ್ವದೇಶಕ್ಕೆ ಸಾಗಿಸಲ್ಪಟ್ಟರು. ಗೋಲ್ಡ್ ಕೋಸ್ಟಿನಲ್ಲಿಯೂ 1917ರ ಕೊನೆಗೆ ಹಾಗೆಯೇ ಆಯಿತು. ಎರಡೂ ಕಡೆಯ ವ್ಯಾಪಾರ, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಬಂಗಲೆಗಳಲ್ಲಿ ಉಳಿದದ್ದು ಪಿಯಾನೊ, ಗಡಿಯಾರ, ಕಪಾಟು, ಹಾಗೂ ಮನೆಯನ್ನು ಗುಡಿಸುತ್ತ ಬಂದವರು. ಇಂದು ಗಾಳಿ ತಿರುಗಿದೆ: ಈ ಜಿಲ್ಲೆಯ ಮನೆಗಳಿಂದಲೇ ಗುರುಗಳೂ ಕನ್ಯಾಸ್ತ್ರೀಯರೂ ಆಫ್ರಿಕಕ್ಕೆ ಹೋಗಿ ಶಾಲೆ, ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದಾರೆ; ಅವರ ತಾಯಂದಿರು ಇಲ್ಲಿ ಕುಳಿತು ದೂರವಾಣಿಯ ಕರೆಗೆ ಕಾಯುತ್ತಾರೆ.

ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು, ಕಿಟ್ಟೆಲನು ಸಂಪಾದಿಸಿದ್ದ ‘ಶಬ್ದಮಣಿದರ್ಪಣ’ವನ್ನು ಪರಿಷ್ಕರಿಸಿ 1920ರಲ್ಲಿ ಮಿಶನ್ ಮುದ್ರಣಾಲಯದಿಂದಲೇ ಹೊರತಂದರು. ಜೈನಕವಿ ಕೇಶಿರಾಜನ ವ್ಯಾಕರಣ, ಜರ್ಮನ್ ಪಾದ್ರಿಯ ಸಂಪಾದನೆ, ಬಂಟ್ವಾಳದ ಸಾರಸ್ವತ ಪಂಡಿತರ ಪರಿಷ್ಕರಣ. ಆ ಪುಸ್ತಕದ ಒಂದು ಪ್ರತಿಯನ್ನು ನನ್ನ ಬಂಧುವೊಬ್ಬರ ಅಟ್ಟದಲ್ಲಿ ಬಾಲ್ಯದಲ್ಲಿ ನೋಡಿದ್ದೆ. ಅದರ ರಟ್ಟಿನೊಳಗೆ ಯಾರೋ ಮಡಿಸಿಟ್ಟಿದ್ದ, ಒಡವೆಯ ಲೆಕ್ಕವೋ ಮನೆಯ ಸಾಮಾನಿನ ಲೆಕ್ಕವೋ ತಿಳಿಯದ ಒಂದು ಕಾಗದವಿತ್ತು. ಕಳೆದ ವರ್ಷ ಹೋಗಿ ಕೇಳಿದಾಗ, ಅಟ್ಟದ ಕಾಗದವನ್ನೆಲ್ಲ ಗುಜರಿಯವನಿಗೆ ತೂಗಿ ಕೊಟ್ಟಾಯಿತೆಂದು ಉತ್ತರ ಬಂದಿತು. ಬಾಸೆಲಿನ ಸಂಗ್ರಹದಲ್ಲಿ ಈ ಮನೆಗಳ ಸಾವಿರಾರು ಛಾಯಾಚಿತ್ರಗಳೂ ವರದಿಗಳೂ ಸುರಕ್ಷಿತವಾಗಿವೆ. ಅವುಗಳಲ್ಲಿ ಪಾದ್ರಿಯ ಹೆಸರು ಇರುತ್ತದೆ, ಪಕ್ಕದಲ್ಲಿ ಕೂಸನ್ನೆತ್ತಿ ನಿಂತ ಆಯಾಳ ಹೆಸರು ಬಹುಮಟ್ಟಿಗೆ ಇರುವುದಿಲ್ಲ. ಆ ಹೆಸರು ಎಲ್ಲಿಯಾದರೂ ಇದ್ದರೆ ಇಲ್ಲಿಯೇ ಇರಬೇಕು, ನಮ್ಮ ಅಟ್ಟಗಳಲ್ಲಿ, ನಮ್ಮ ಹಿರಿಯರ ಬಾಯಲ್ಲಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಓದುಗರಲ್ಲಿ ನನ್ನದೊಂದೇ ಬಿನ್ನಹ: ಮನೆಯಲ್ಲಿ ಹಳೆಯ ಮಿಶನ್ ಪುಸ್ತಕವೋ, ಪತ್ರವೋ, ಕೂಲಿಯ ಚೀಟಿಯೋ, ಭಾವಚಿತ್ರವೋ ಇದ್ದರೆ ಅದನ್ನು ತೂಕಕ್ಕೆ ಹಾಕಬೇಡಿ, ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ತಿಯಲಾಜಿಕಲ್ ಕಾಲೇಜಿನ ಪತ್ರಾಗಾರಕ್ಕೆ ಒಪ್ಪಿಸಿರಿ, ಇಲ್ಲವೆ ಅದರ ಪ್ರತಿಯನ್ನಾದರೂ ಅಲ್ಲಿಗೆ ತಲುಪಿಸಿರಿ. ಮಿಶನ್ ಮನೆಯಲ್ಲಿ ದುಡಿದ ಅಜ್ಜಿಯೊಬ್ಬಳ ನೆನಪು ನಿಮ್ಮ ಮನೆಯಲ್ಲಿ ಉಳಿದಿದ್ದರೆ, ಈ ಮಳೆಗಾಲ ಮುಗಿಯುವುದರೊಳಗೆ ಆಕೆಯ ಹೆಸರನ್ನೂ ಊರನ್ನೂ ಒಂದು ಹಾಳೆಯಲ್ಲಿ ಬರೆದಿಡಿರಿ.